ಹಿಂದಿನ ಕೂದಲು ಅಸಲು, ಬಡ್ಡಿ ಅಲ್ಲ

ಇಎಂಐ ಎಪಿಸೋಡ್ ಆದ ಮೇಲೆ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಕಡೆಯಿಂದ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ: ಸಾಲ ಮಾಡಿ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಬಹುದಾ? ಸವಣೂರಿನ ಹುಡುಗನೊಬ್ಬನದು ಮಾತ್ರ ಬೇರೆ ಇತ್ತು. "ಅಣ್ಣಾ, ಮುಂದ ಕೂದ್ಲ ಬಂದಾವು. ಆದ್ರ ಹಿಂದ ಸಣ್ಣ ಕಟಿಂಗ್ ಮಾಡಿಸಿದ್ರ ತೆಳ್ಳಗ ಕಾಣ್ತೈತಿ. ತುಂಬ್ತೈತೇನು?"

ಜಾಹೀರಾತಿನಲ್ಲಿ ಮುಂದಿನ ಫೋಟೋ ಇರುತ್ತದೆ, ಹಿಂದಿನದು ಇರೋದಿಲ್ಲ. ಅದಕ್ಕೇ ಇವತ್ತು ಹಿಂದಿನ ಮಾತು.

ತಲೆಯ ಹಿಂಭಾಗದ ಕೂದಲು ಸಾಮಾನ್ಯವಾಗಿ ಹಾರ್ಮೋನಿಗೆ ಬಗ್ಗೋದಿಲ್ಲ. ಅದನ್ನು ಮುಂದೆ ನೆಟ್ಟರೂ ಅದೇ ಗುಣ ಉಳಿಸಿಕೊಳ್ಳುತ್ತದೆ ಅಂತ ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು. ಇವತ್ತಿಗೂ ಇಡೀ ಧಂದೆ ನಿಂತಿರೋದು ಅದರ ಮೇಲೆ. ಈಗ ಹೆಚ್ಚು ನಡೆಯುವ ಎಫ್‌ಯುಇ ವಿಧಾನದಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಪಂಚ್‌ನಿಂದ ಬೇರು ಸಮೇತ ಕೀಳುತ್ತಾರೆ. ಒಂದು ಗ್ರಾಫ್ಟ್ ಅಂದರೆ ಒಂದರಿಂದ ನಾಲ್ಕು ಕೂದಲು. ಕಿತ್ತ ಜಾಗದಲ್ಲಿ ಮತ್ತೆ ಹುಟ್ಟೋದಿಲ್ಲ, ಸಣ್ಣ ಬಿಳಿ ಚುಕ್ಕೆ ಉಳಿಯುತ್ತದೆ.

ಭತ್ತದ ನಾಟಿ ನೋಡಿದವರಿಗೆ ಬೇಗ ತಿಳಿಯುತ್ತದೆ. ಮಡಿಯಿಂದ ಸಸಿ ಕಿತ್ತರೆ ಗದ್ದೆ ತುಂಬುತ್ತದೆ, ಮಡಿ ಖಾಲಿ ಆಗುತ್ತದೆ. ರೈತ ಮುಂದಿನ ವರ್ಷ ಮತ್ತೆ ಬೀಜ ಚೆಲ್ಲುತ್ತಾನೆ, ತಲೆಗೆ ಆ ಸವಲತ್ತಿಲ್ಲ. ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲಿ ಹೇಳೋದಾದರೆ ಇದು ಆದಾಯ ಅಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್.

ಹಿಂಭಾಗದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸಾಮಾನ್ಯವಾಗಿ 65ರಿಂದ 85 ಗ್ರಾಫ್ಟ್ ಇರುತ್ತವೆ. ಅರ್ಧದಷ್ಟು ಹೋದರೆ ತೆಳು ಕಣ್ಣಿಗೆ ಬೀಳತೊಡಗುತ್ತದೆ ಅನ್ನೋದು ವೈದ್ಯರ ಒರಟು ಲೆಕ್ಕ. "ಒಂದೇ ಸಿಟ್ಟಿಂಗ್, 5000 ಗ್ರಾಫ್ಟ್" ಅನ್ನೋ ಆಫರ್ ಅಗ್ಗವಾಗಿ ಕಂಡರೂ ಹೆಚ್ಚಿನವರಿಗೆ ಅದು ಜೀವಮಾನದ ಉಳಿತಾಯದ ದೊಡ್ಡ ಪಾಲು.

ಇನ್ನು ಆ ತಮ್ಮನಿಗೆ ಉತ್ತರ. ಆಪರೇಷನ್ ಆಗಿ ಎಷ್ಟು ತಿಂಗಳಾಯ್ತಪ್ಪಾ? ಮೊದಲ ಕೆಲ ವಾರಗಳಲ್ಲಿ ಕಿತ್ತ ಜಾಗದ ಅಕ್ಕಪಕ್ಕದ ಒಳ್ಳೆ ಕೂದಲೂ ಗಾಬರಿಯಾಗಿ ಉದುರುವುದುಂಟು, ಶಾಕ್ ಲಾಸ್ ಅಂತಾರೆ. ಅದು ಮೂರರಿಂದ ಆರು ತಿಂಗಳಲ್ಲಿ ಸಾಮಾನ್ಯವಾಗಿ ವಾಪಸ್ ಬರುತ್ತದೆ. ವರ್ಷ ಕಳೆದರೂ ಹಂಗೇ ಇದ್ದರೆ ಹೆಚ್ಚು ಕಿತ್ತಿರೋ ಸಾಧ್ಯತೆ ಜಾಸ್ತಿ. ಆಗ ಯಾವ ಎಣ್ಣೆ, ಗುಳಿಗೆಯೂ ಕಿತ್ತ ಬೇರನ್ನು ತರೋದಿಲ್ಲ. ಹಿಂದೆ ಸ್ವಲ್ಪ ಉದ್ದ ಬಿಡೋದು, ಗಡ್ಡದ ಕೂದಲು ನೆಡೋದು, ಟ್ಯಾಟೂ ತರಹ ಚುಕ್ಕೆ ಹಾಕಿ ಮರೆಮಾಡೋದು, ಇಷ್ಟೇ ದಾರಿ. ಯಾವುದೂ ಮೊದಲಿನಂತೆ ಮಾಡೋದಿಲ್ಲ.

ಇನ್ನೂ ಮಾಡಿಸದವರೇ, ವಯಸ್ಸು ನೋಡ್ಕೊಳ್ರಿ. 22ಕ್ಕೆ ಹಣೆ ಮೇಲೆ ಸರಿದಿದ್ದರೆ 40ಕ್ಕೆ ಎಲ್ಲಿಗೆ ನಿಲ್ಲುತ್ತದೆ ಅಂತ ಯಾರಿಗೂ ಹೇಳಕ್ಕಾಗಲ್ಲ. ನಾರ್ವುಡ್ ಪಟ್ಟಿಯ ಏಳನೇ ಹಂತದಲ್ಲಿ ಉಳಿಯೋದು ಕಿವಿ ಸುತ್ತ ಒಂದು ಪಟ್ಟಿ ಮಾತ್ರ. ಈಗಲೇ ಅಸಲು ಖರ್ಚಾದರೆ ಮುಂದೆ ನೆಟ್ಟ ಕೂದಲು ದ್ವೀಪದಂತೆ ನಿಂತು, ನೆತ್ತಿ ಬೋಳಾದಾಗ ಕೈಯಲ್ಲಿ ಏನೂ ಇರೋದಿಲ್ಲ. ಕೆಲವರಿಗೆ ಹಿಂದಿನ ಕೂದಲೇ ತಾನಾಗಿ ಸಣ್ಣಗಾಗ್ತಾ ಇರುತ್ತದೆ. ಅಂಥವರಿಗೆ ಬೇಡ ಅನ್ನೋ ಡಾಕ್ಟರೇ ಒಳ್ಳೆ ಡಾಕ್ಟರ್.

ಹೆಣ್ಣು ನೋಡೋಕೆ ಹೋಗೋ ಮುಂಚೆ ಮುಗಿಸಬೇಕು ಅನ್ನೋ ಅವಸರ ಗೊತ್ತು. 2017ರಲ್ಲಿ 'ಒಂದು ಮೊಟ್ಟೆಯ ಕಥೆ' ನೋಡಿ ನಕ್ಕ ಮನೆಯಲ್ಲೇ ವರನ ಫೋಟೋ ಜೂಮ್ ಮಾಡಿ ನೆತ್ತಿ ನೋಡ್ತಾರೆ. ಆದರೂ ಮದುವೆ ತಾರೀಕು ನೋಡಿ ಆಪರೇಷನ್ ಫಿಕ್ಸ್ ಮಾಡಬೇಡ್ರಿ, ನೆಟ್ಟದ್ದು ಪೂರ್ತಿ ಕಾಣೋಕೆ ವರ್ಷ ಬೇಕು.

ದುಡ್ಡು ಕಟ್ಟೋ ಮುಂಚೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ಸರಕಾರಿ ಆಸ್ಪತ್ರೆಯ ಚರ್ಮರೋಗ ಓಪಿಡಿಯಲ್ಲಿ ಒಮ್ಮೆ ತೋರಿಸ್ರಿ. ಅವರಿಗೆ ಪ್ಯಾಕೇಜ್ ಮಾರೋದಿಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಇದು ತರಬೇತಿ ಪಡೆದ ವೈದ್ಯರ ಕೆಲಸ, ಯೂಟ್ಯೂಬ್ ನೋಡಿ ಕಲಿತವರದಲ್ಲ. ಕ್ಲಿನಿಕ್‌ನಲ್ಲಿ ಕೇಳಿ: ಪಂಚ್ ಹಿಡಿಯೋರು ಯಾರು, ನನ್ನ ಹಿಂಭಾಗದ ಸಾಂದ್ರತೆ ಎಷ್ಟು, ನೀವು ತೆಗೆದ ಮೇಲೆ ಎಷ್ಟು ಉಳಿಯುತ್ತದೆ? ಉತ್ತರ ಬರೆದು ಕೊಡಲಿ. ಹಿಂದಿನ ಫೋಟೋ ಒಂದನ್ನ ನೀವೇ ತೆಗೆದು ಮೊಬೈಲ್‌ನಲ್ಲಿ ಇಟ್ಕೊಳ್ರಿ, ತಾರೀಕು ಸಮೇತ.