ಬೇಲಿ ಕಾಣದ ಹೊಲಗಳ ಊರು



ಊರಿನ ಹೊಲಗಳಿಗೆ ಬೇಲಿಯೇ ಇಲ್ಲದಿದ್ದರೆ ಯಾರ ಪಾಲು ಎಲ್ಲಿಗೆ ಮುಗಿಯುತ್ತದೆಂದು ಹೇಳುವವರು ಯಾರು? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಸೀಮೆಯ ಲ್ಯಾಕ್ಸ್‌ಟನ್ ಎಂಬ ಹಳ್ಳಿ ಈ ಪ್ರಶ್ನೆಗೆ ಶತಮಾನಗಳಿಂದ ಒಂದೇ ಉತ್ತರ ಕೊಡುತ್ತ ಬಂದಿದೆ: ಊರಿನವರೇ.

1086ರ ಡೂಮ್ಸ್‌ಡೇ ದಾಖಲೆಯಲ್ಲಿಯೇ ಈ ಊರಿನ ಹೆಸರಿದೆ. ನಡುವೆ ಸಂತ ಮೈಕೇಲನ ಚರ್ಚು, ಬೀದಿಯುದ್ದಕ್ಕೂ ರೈತರ ಮನೆಗಳು, ಆಚೆಗೆ ಮೂರು ವಿಶಾಲ ಬಯಲು ಹೊಲಗಳು. ರೈತನ ಜಮೀನು ಒಂದೇ ಕಡೆ ಇರದೆ ಮೂರೂ ಹೊಲಗಳಲ್ಲಿ ಪಟ್ಟಿಪಟ್ಟಿಯಾಗಿ ಹರಡಿತ್ತು. ಹೀಗಾಗಿ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೆ ಬರುತ್ತಿದ್ದವು. ಒಂದು ಹೊಲಕ್ಕೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ, ಮೂರನೆಯದು ಬೀಳು. ಪ್ರತಿ ವರ್ಷ ಸರದಿ ಬದಲು. ಬೀಳು ನೆಲದಲ್ಲಿ ಊರಿನ ದನ, ಕುರಿಗಳು ಮೇಯುತ್ತಿದ್ದವು. 1635ರಲ್ಲಿ ಮಾರ್ಕ್ ಪಿಯರ್ಸ್ ಈ ಪಟ್ಟಿಗಳನ್ನೆಲ್ಲ ಅಳೆದು ಬರೆದ ನಕ್ಷೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಇಂಥ ಹೊಲಗಳು ಒಂದು ಕಾಲಕ್ಕೆ ಮಧ್ಯ ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಇದ್ದವು. ಆದರೆ ಸುಮಾರು 1750ರಿಂದ 1850ರವರೆಗೆ ಪಾರ್ಲಿಮೆಂಟು ಸಾವಿರಾರು ಕಾಯಿದೆಗಳನ್ನು ಮಾಡಿ ಅವುಗಳನ್ನು ಒಟ್ಟುಗೂಡಿಸಿ, ಬೇಲಿ ಹಾಕಿಸಿತು. ಹೊಸ ಬೇಸಾಯ ಕ್ರಮಗಳಿಗೆ ಅನುಕೂಲವಾಯಿತು, ನಿಜ. ಆದರೆ ಊರ ಗೋಮಾಳವನ್ನೇ ನಂಬಿ ಒಂದು ಹಸು ಸಾಕಿಕೊಂಡಿದ್ದ ಎಷ್ಟೋ ಬಡವರು ಆ ಹಸುವನ್ನೂ ಕಳೆದುಕೊಂಡು ಬರೀ ಕೂಲಿಯವರಾದರು.

ಲ್ಯಾಕ್ಸ್‌ಟನ್ ಉಳಿದದ್ದು ಯಾರದೋ ಔದಾರ್ಯದಿಂದಲ್ಲ. ಅಲ್ಲಿನ ಇಬ್ಬರು ಜಮೀನ್ದಾರರಲ್ಲಿ ಒಮ್ಮತ ಮೂಡಲಿಲ್ಲ, ಅಷ್ಟೇ. 1952ರಲ್ಲಿ ಸರ್ಕಾರದ ಕೃಷಿ ಇಲಾಖೆ ಊರನ್ನು ಕೊಂಡಿತು. 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಸೇರಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿನ ಪಾಲಾಯಿತು.

ಒಡೆಯರು ಬದಲಾದರೂ ಪದ್ಧತಿ ಬದಲಾಗಲಿಲ್ಲ. ನವೆಂಬರ್ ಕೊನೆಗೆ ಊರಿನ ಜ್ಯೂರಿಯವರು ಗೋಧಿ ಬಿತ್ತಿದ ಹೊಲಕ್ಕೆ ಹೋಗಿ ಗಡಿ ನೋಡುತ್ತಾರೆ, ಗೂಟ ನೆಡುತ್ತಾರೆ. ದಾರಿಯನ್ನೋ ಹುಲ್ಲಿನಂಚನ್ನೋ ಒತ್ತರಿಸಿ ಉತ್ತವರಿಗೆ ಮುಂದಿನ ವಾರ 'ಕೋರ್ಟ್ ಲೀಟ್' ಎಂಬ ಊರ ನ್ಯಾಯಸಭೆಯಲ್ಲಿ ದಂಡ ಬೀಳುತ್ತದೆ. ದಂಡದ ಹಣ ಅಲ್ಪ. ಅದನ್ನು ವಿಧಿಸುವವರು ಪಕ್ಕದ ಪಟ್ಟಿ ಉಳುವವರೇ ಆಗಿರುವುದರಿಂದ, ಒಂದು ಗೇಣು ಒತ್ತುವರಿಯೂ ಅಲ್ಲಿ ಗುಟ್ಟಾಗಿ ಉಳಿಯುವುದು ಕಷ್ಟ.