ರಸೀದಿ ಮಕ್ಕಳಿಗೆ, ಓಟು ದೊಡ್ಡವರಿಗೆ!



ನಾನು ಭಾಷಣಕಾರನಲ್ಲ. ಪ್ರೆಸ್ಸಿನವನು. ಪಿಯುಸಿ ಮುಗಿಸಿ ಸೀದಾ ಅಚ್ಚಿನ ಮನೆ ಸೇರಿದವನು. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಸಂಘಗಳ ರಸೀದಿ ಪುಸ್ತಕ, ಸಂಘಗಳ ಚುನಾವಣೆಯ ಮತಪತ್ರ, ಇವೇ ನನ್ನ ಓದು, ಇವೇ ನನ್ನ ಬರಹ. ಮೈಕ್ ಮುಂದೆ ನಿಂತರೆ ನಾಲಗೆ ತಡವರಿಸುತ್ತದೆ. ಆದರೂ ಒಂದು ಮಾತು ಎದೆಯಲ್ಲಿ ಬಹಳ ವರ್ಷಗಳಿಂದ ಕೂತಿದೆ. ಅದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ರಸೀದಿ ಪುಸ್ತಕವೂ ಮತಪತ್ರವೂ ನನ್ನ ಒಂದೇ ಮೆಶಿನ್ನಿನಲ್ಲಿ ಅಚ್ಚಾಗುತ್ತವೆ. ಅದೇ ಕಾಗದ, ಅದೇ ಮಸಿ. ಆದರೆ ರಸೀದಿ ಪಡೆದವರಿಗೆಲ್ಲ ಮತಪತ್ರ ಸಿಗುವುದಿಲ್ಲ. ದುಡ್ಡು ಕಟ್ಟುವಾಗ ಸದಸ್ಯ, ತೀರ್ಮಾನ ಮಾಡುವಾಗ ಹೊರಗಿನವ! ಇದು ಯಾವ ನ್ಯಾಯ?

ಇದಕ್ಕೊಂದು ಉದಾಹರಣೆ ಕೊಡಲು ನಿಮ್ಮನ್ನು ದೂರದ ಅಮೆರಿಕಕ್ಕೆ ಕರೆದೊಯ್ಯುತ್ತೇನೆ. ಗಾಬರಿ ಬೇಡ, ಕೊನೆಗೆ ನಮ್ಮ ಬೀದಿಗೇ ವಾಪಸ್ಸು ತಂದು ಬಿಡುತ್ತೇನೆ.

ಅಮೆರಿಕದ ಚೆಸ್ ಫೆಡರೇಷನ್ ಹುಟ್ಟಿದ್ದು 1939ರಲ್ಲಿ. ಅಲ್ಲಿ ಬಹಳ ಕಾಲ ಸಾಮಾನ್ಯ ಸದಸ್ಯನಿಗೆ ಓಟೇ ಇರಲಿಲ್ಲ. ರಾಜ್ಯಗಳಿಂದ ಬಂದ ಪ್ರತಿನಿಧಿಗಳಂಥ ಕೆಲವರು ಕೂತು ಕಾರ್ಯಕಾರಿ ಮಂಡಳಿಯನ್ನು ಆರಿಸುತ್ತಿದ್ದರು. ಚಂದಾ ಕಟ್ಟುವ ಸಾವಿರಾರು ಜನ ಹೊರಗೆ ನಿಂತು ನೋಡಬೇಕು, ಅಷ್ಟೆ. ಬಾಬಿ ಫಿಷರ್ ಗೊತ್ತಲ್ಲ? 14ನೇ ವಯಸ್ಸಿಗೇ, 1958ರ ಜನವರಿಯಲ್ಲಿ, ದೊಡ್ಡವರನ್ನೆಲ್ಲ ಸೋಲಿಸಿ ಅಮೆರಿಕದ ಚಾಂಪಿಯನ್ ಆದ ಹುಡುಗ. ದೇಶಕ್ಕೇ ದೊಡ್ಡ ಆಟಗಾರ ಅನ್ನಿಸಿಕೊಂಡವನಿಗೂ ತನ್ನ ಸಂಸ್ಥೆಯನ್ನು ಯಾರು ನಡೆಸಬೇಕು ಎಂದು ಹೇಳುವ ಅಧಿಕಾರ ಇರಲಿಲ್ಲ.

ಕಳೆದ ಶತಮಾನ ಮುಗಿದು ಈ ಶತಮಾನ ಹುಟ್ಟುವ ಹೊತ್ತಿಗೆ ಅಲ್ಲಿನ ಸದಸ್ಯರು ಪಟ್ಟು ಹಿಡಿದರು. "ಒಬ್ಬ ಸದಸ್ಯ, ಒಂದು ಓಟು" ಎಂಬುದು ಅವರ ಘೋಷಣೆ. ಗೆದ್ದರು. ಮಂಡಳಿಯನ್ನು ಸದಸ್ಯರೇ ನೇರವಾಗಿ ಆರಿಸುವ ಪದ್ಧತಿ ಬಂತು. ಆದರೆ ಗೆದ್ದವರು ಒಂದು ಗೆರೆ ಎಳೆದರು: 16 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಸದಸ್ಯರೇ, ಆದರೆ ಮತದಾರರಲ್ಲ.

ಹದಿನಾರು ಅಂದರೆ ಒಳ್ಳೆಯದೇ ಅಲ್ಲವೇ, ದೇಶದ ಚುನಾವಣೆಗೆ ಹದಿನೆಂಟು ಬೇಕು ಅನ್ನುತ್ತೀರಿ. ಸರಿ. ಆದರೆ ಚೆಸ್ ಸಂಸ್ಥೆಯಲ್ಲಿ ಯಾರಿದ್ದಾರೆ ನೋಡಿ. ಶಾಲೆಗೆ ಹೋಗುವ ಮಕ್ಕಳದ್ದೇ ದೊಡ್ಡ ಸೈನ್ಯ! 2017ರಲ್ಲಿ ನ್ಯಾಶ್‌ವಿಲ್ ಎಂಬ ಊರಿನಲ್ಲಿ ಶಾಲಾ ಮಕ್ಕಳ ರಾಷ್ಟ್ರೀಯ ಟೂರ್ನಮೆಂಟ್ ನಡೆಯಿತು. ಒಂದೇ ಕಡೆ 5,000ಕ್ಕಿಂತ ಹೆಚ್ಚು ಮಕ್ಕಳು ಬೋರ್ಡು ಮುಂದೆ ಕೂತರು. ಆ ಮಕ್ಕಳ ಪ್ರವೇಶ ಶುಲ್ಕ, ಸದಸ್ಯತ್ವದ ಹಣ, ಹೋಟೆಲ್ ಖರ್ಚು, ಕೋಚ್ ಫೀಸು, ಇದರ ಮೇಲೆ ಒಂದು ಲೋಕವೇ ನಿಂತಿದೆ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಓಟಿಲ್ಲ.

ಇನ್ನೊಂದು ಹೆಸರು ಹೇಳುತ್ತೇನೆ. ಅಭಿಮನ್ಯು ಮಿಶ್ರಾ. ಭಾರತೀಯ ಮೂಲದ ಅಮೆರಿಕದ ಹುಡುಗ. 2021ರ ಜೂನ್ 30ರಂದು ಗ್ರ್ಯಾಂಡ್‌ಮಾಸ್ಟರ್ ಆದ. ವಯಸ್ಸು 12 ವರ್ಷ, 4 ತಿಂಗಳು, 25 ದಿನ. ಅಷ್ಟು ಚಿಕ್ಕ ವಯಸ್ಸಿಗೆ ಅಲ್ಲಿಯವರೆಗೆ ಪ್ರಪಂಚದಲ್ಲೇ ಯಾರೂ ಆಗಿರಲಿಲ್ಲ. ಅವನಿಗೆ ಹದಿನಾರು ತುಂಬಿದ್ದು 2025ರ ಫೆಬ್ರವರಿಯಲ್ಲಿ. ಅಂದರೆ ಮೂರೂವರೆ ವರ್ಷಕ್ಕಿಂತ ಹೆಚ್ಚು ಕಾಲ ಗ್ರ್ಯಾಂಡ್‌ಮಾಸ್ಟರ್ ಪಟ್ಟ ತಲೆ ಮೇಲಿತ್ತು, ಓಟು ಕೈಯಲ್ಲಿರಲಿಲ್ಲ. ಕಾಯಿ ನಡೆಸುವುದು ಮಾತ್ರ ಹೇಗೆ ಎಂದು ತಿಳಿದಿದ್ದ ಹವ್ಯಾಸಿ ಹಿರಿಯನಿಗೆ ಓಟಿತ್ತು!

ಹಾಗಂತ ಎದುರು ಪಕ್ಷದ ಮಾತನ್ನು ಕೇಳದೆ ಹೋಗುವುದು ಸರಿಯಲ್ಲ. ಹಿರಿಯರು ಮೂರು ಕಾರಣ ಕೊಡುತ್ತಾರೆ.

ಒಂದು, ಮಕ್ಕಳಿಗೆ ಲೆಕ್ಕಪತ್ರ, ಕಾನೂನು ತಿಳಿಯುವುದಿಲ್ಲ. ಸ್ವಾಮಿ, ದೊಡ್ಡವರಲ್ಲಿ ಎಷ್ಟು ಜನಕ್ಕೆ ತಿಳಿಯುತ್ತದೆ? ನಾನು ಎಷ್ಟೋ ಸಂಘಗಳ ವಾರ್ಷಿಕ ವರದಿ ಅಚ್ಚು ಹಾಕಿದ್ದೇನೆ. ಜಮಾ ಖರ್ಚಿನ ಪುಟ ತೆರೆದು ನೋಡುವವರು ಬೆರಳೆಣಿಕೆಯಷ್ಟು. ಉಳಿದವರು ತಮ್ಮ ಫೋಟೋ ಬಂದಿದೆಯೇ ಎಂದು ನೋಡಿ ಮಡಚಿಡುತ್ತಾರೆ!

ಎರಡು, ಮಕ್ಕಳು ಕಟ್ಟುವ ಚಂದಾ ಕಡಿಮೆ. ಹೌದು, ಕಡಿಮೆ. ಆದರೆ ದುಡ್ಡಿನ ತೂಕದ ಮೇಲೆ ಓಟು ಕೊಡುವುದಾದರೆ ಅದು ಕಂಪನಿ, ಸಂಘವಲ್ಲ. ಹತ್ತು ಷೇರಿಗೆ ಹತ್ತು ಓಟು ಎನ್ನುವುದು ವ್ಯಾಪಾರ. ಸಂಘದಲ್ಲಿ ತಲೆಗೊಂದು ಓಟು.

ಮೂರನೆಯದು ಗಟ್ಟಿ ಕಾರಣ, ಅದನ್ನು ನಗೆಯಾಡಿ ತಳ್ಳುವಂತಿಲ್ಲ. ಏಳು ವರ್ಷದ ಮಗುವಿಗೆ ಮತಪತ್ರ ಕಳಿಸಿದರೆ ತುಂಬುವವರು ಯಾರು? ಅಪ್ಪ. ಇಲ್ಲವೇ ಕೋಚ್. ಇನ್ನೂರು ಮಕ್ಕಳಿಗೆ ಪಾಠ ಹೇಳುವ ಒಬ್ಬ ಕೋಚ್ ಇನ್ನೂರು ಓಟಿನ ಒಡೆಯನಾಗಿಬಿಟ್ಟರೆ? ಮಕ್ಕಳ ಹೆಸರಿನಲ್ಲಿ ದೊಡ್ಡವರ ರಾಜಕೀಯ ಶುರು! ಈ ಭಯ ಸುಳ್ಳಲ್ಲ.

ಹಾಗಾದರೆ ದಾರಿ ಏನು? ಏಳು ವರ್ಷದವನಿಗೆ ಓಟು ಕೊಡಿ ಎಂದು ನಾನು ಹೇಳುವುದಿಲ್ಲ. ಹದಿನಾರರ ಗೆರೆ ಇರಲಿ, ಬೇಕಾದರೆ ಹದಿನಾಲ್ಕಕ್ಕೆ ಇಳಿಯಲಿ. ಆದರೆ ಗೆರೆಯ ಕೆಳಗಿರುವವರ ಬಾಯಿ ಕಟ್ಟಬಾರದು. ಅವರು ತಮ್ಮೊಳಗೇ ಒಬ್ಬ ಪ್ರತಿನಿಧಿಯನ್ನು ಆರಿಸಲಿ, ಆ ಪ್ರತಿನಿಧಿ ಸಭೆಯಲ್ಲಿ ಕೂರಲಿ, ಅವರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಜರ್ಮನಿಯ ಚೆಸ್ ಫೆಡರೇಷನ್ನಿನೊಳಗೆ ಯುವ ಆಟಗಾರರದ್ದೇ ಒಂದು ಸಂಘಟನೆ ಇದೆ. ಅದಕ್ಕೆ ತನ್ನದೇ ನಿಯಮಾವಳಿ ಉಂಟು, ಯುವಕರ ಪರ ಮಾತಾಡಲು ಯುವ ವಕ್ತಾರರೂ ಉಂಟು. ಆಗದ ಕೆಲಸ ಏನಲ್ಲ.

ನಮ್ಮಲ್ಲೂ ಇದಕ್ಕೆ ಬೀಜ ಬಿದ್ದಿದೆ. ಕರ್ನಾಟಕದ ಪಂಚಾಯಿತಿಗಳಲ್ಲಿ 2006ರಿಂದ ಮಕ್ಕಳ ಗ್ರಾಮಸಭೆ ಎಂಬುದು ಬಂದಿದೆ. ಶಾಲೆಗೆ ಶೌಚಾಲಯ ಇಲ್ಲ, ದಾರಿಯಲ್ಲಿ ದೀಪ ಇಲ್ಲ ಎಂದು ಹಳ್ಳಿಯ ಮಕ್ಕಳು ಅಧ್ಯಕ್ಷರ ಮುಂದೆಯೇ ಎದ್ದು ನಿಂತು ಕೇಳುವ ಸಭೆ ಅದು. ಅವರಿಗೂ ಓಟಿಲ್ಲ, ಆದರೆ ಬಾಯಿದೆ. ಹಳ್ಳಿಯ ಮಗುವಿಗೆ ಇರುವ ಅವಕಾಶ ನಗರದ ಸಂಘದಲ್ಲಿ ಯಾಕಿಲ್ಲ?

ವಯಸ್ಸಿನ ಗೆರೆ ದೇವರು ಎಳೆದದ್ದಲ್ಲ, ಗೆಳೆಯರೇ. ನಮ್ಮ ದೇಶದಲ್ಲೇ ಓಟಿಗೆ 21 ಆಗಬೇಕಿತ್ತು. ಸಂವಿಧಾನಕ್ಕೆ 61ನೇ ತಿದ್ದುಪಡಿ ಆಗಿ 1989ರ ಮಾರ್ಚ್‌ನಲ್ಲಿ ಅದು 18ಕ್ಕೆ ಇಳಿಯಿತು. ಆಕಾಶ ಕಳಚಿ ಬೀಳಲಿಲ್ಲ! ಬ್ರೆಜಿಲ್ 1988ರಲ್ಲಿ, ಆಸ್ಟ್ರಿಯಾ 2007ರಲ್ಲಿ 16ಕ್ಕೇ ಓಟು ಕೊಟ್ಟವು. ಮನುಷ್ಯ ಎಳೆದ ಗೆರೆಯನ್ನು ಮನುಷ್ಯನೇ ಸರಿಸಬಹುದು.

ಇನ್ನು ನಮ್ಮ ದೇಶದ ಚೆಸ್ಸಿನ ಕಥೆ. 1951ರಲ್ಲಿ ಹುಟ್ಟಿದ ಅಖಿಲ ಭಾರತ ಚೆಸ್ ಫೆಡರೇಷನ್ನಿನ ಚುನಾವಣೆಯಲ್ಲಿ ಓಟು ಹಾಕುತ್ತ ಬಂದವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ನೋಂದಣಿ ಹಣ ಕಟ್ಟುವ ಆಟಗಾರ ಮಕ್ಕಳಿರಲಿ, ಬೆಳೆದ ಆಟಗಾರನಿಗೂ ಆಟಗಾರ ಎಂಬ ಕಾರಣಕ್ಕೆ ಓಟು ಇರಲಿಲ್ಲ. ಅಮೆರಿಕ ಬಿಟ್ಟು ಬಂದ ಹಳೆಯ ದಾರಿ ಅದು. ಗುಕೇಶ್ 2024ರ ಡಿಸೆಂಬರ್‌ನಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ನಾವೆಲ್ಲ ಪಟಾಕಿ ಹೊಡೆದೆವು. ಹುಡುಗರು ಗೆದ್ದಾಗ ಹಾರ ಹಾಕಲು ನೂಕುನುಗ್ಗಲು, ಹುಡುಗರ ಅಭಿಪ್ರಾಯ ಕೇಳಲು ಪುರುಸೊತ್ತಿಲ್ಲ. 2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ, ಸಾಧಕ ಕ್ರೀಡಾಪಟುಗಳಿಗೆ ಕಾರ್ಯಕಾರಿ ಸಮಿತಿಯಲ್ಲಿ ಜಾಗ ಕೊಡಬೇಕು ಎನ್ನುತ್ತದೆ. ಸಂತೋಷ. ಆದರೆ ಅದು ಸಾಧಿಸಿದವರಿಗೆ. ಶನಿವಾರ ಭಾನುವಾರ ಟಿಫಿನ್ ಡಬ್ಬಿ ಹಿಡಿದು ಟೂರ್ನಮೆಂಟಿಗೆ ಬರುವ ಸಾಮಾನ್ಯ ಹುಡುಗಿಯ ಮಾತು ಕೇಳುವವರು ಯಾರು?

ಈಗ ಮಾತು ಕೊಟ್ಟಂತೆ ನಮ್ಮ ಬೀದಿಗೆ ಬರುತ್ತೇನೆ. ಇಲ್ಲಿ ಅಪರಾಧಿ ನಾನೇ.

ನಮ್ಮ ಬಡಾವಣೆಯಲ್ಲಿ ಒಂದು ಸಂಘ. ಹೆಸರು ಬೇಡ. ನಾನೂ ಸದಸ್ಯ. ಹಿಂದಿನ ಕೋಣೆಯಲ್ಲಿ ಮಕ್ಕಳು ಸಂಜೆ ಹೊತ್ತು ಚೆಸ್ಸು, ಕೇರಂ ಆಡುತ್ತಿದ್ದರು. ಅವರಿಗೂ ಚಂದಾ ಇತ್ತು. ರಸೀದಿ ಪುಸ್ತಕ ನನ್ನ ಪ್ರೆಸ್ಸಿನದೇ. 2014ರಲ್ಲಿ ಆ ಕೋಣೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡುವ ಮಾತು ಬಂತು. ಮತಪತ್ರ ಅಚ್ಚು ಹಾಕಲು ನನಗೇ ಆರ್ಡರ್. ಮತದಾರರ ಪಟ್ಟಿಯಿಂದ ಹದಿನೆಂಟು ತುಂಬದವರ ಹೆಸರನ್ನು ಒಂದೊಂದಾಗಿ ತೆಗೆದವನೂ ನಾನೇ. ಕೋಣೆ ಬಳಸುತ್ತಿದ್ದವರು ಅವರು, ಪಟ್ಟಿಯಿಂದ ಹೊರಗಾದವರೂ ಅವರೇ.

ಸಭೆಯ ದಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಒಂಬತ್ತನೇ ಕ್ಲಾಸು ಇರಬೇಕು. ಕೈಯಲ್ಲಿ ರಸೀದಿ. "ಅಂಕಲ್, ಇದು ನೀವೇ ಅಲ್ವಾ ಪ್ರಿಂಟ್ ಮಾಡಿದ್ದು? ಇದ್ರಲ್ಲಿ ಸದಸ್ಯರ ಹೆಸರು ಅಂತ ನನ್ನ ಹೆಸ್ರಿದೆ. ಆ ಲಿಸ್ಟಲ್ಲಿ ಯಾಕಿಲ್ಲ?" ಅಂದಳು.

"ನೀನಿನ್ನೂ ಚಿಕ್ಕವಳಮ್ಮ, ಇದೆಲ್ಲ ದೊಡ್ಡವರ ವಿಷಯ" ಅಂದುಬಿಟ್ಟೆ. ಒಳಗೆ ಹೋಗಿ ಬಾಡಿಗೆ ಕೊಡುವುದರ ಪರವಾಗಿ ಓಟು ಹಾಕಿದೆ. ಯಾಕೆ ಗೊತ್ತೇ? ಸಂಘದಿಂದ ನನ್ನ ಪ್ರೆಸ್ಸಿಗೆ ಬಿಲ್ಲು ಬಾಕಿ ಇತ್ತು. ಅಡ್ವಾನ್ಸ್ ಬಂದರೆ ನನ್ನ ದುಡ್ಡು ಬರುತ್ತದೆ ಎಂಬ ಲೆಕ್ಕ! ಬಂತು ಕೂಡ. ಬೋರ್ಡು, ಕಾಯಿಗಳು ಗೋಣಿಚೀಲ ಸೇರಿದವು. ಆ ಮಕ್ಕಳು ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ. ಈಗ ಆ ಸಂಘದಲ್ಲಿ ರಾಜ್ಯೋತ್ಸವಕ್ಕೆ ಬಾವುಟ ಕಟ್ಟಲೂ ಹುಡುಗರಿಲ್ಲ. "ಈಗಿನ ಕಾಲದ ಹುಡುಗರಿಗೆ ಅಭಿಮಾನವೇ ಇಲ್ಲ" ಎಂದು ಹಿರಿಯರು ಗೊಣಗುತ್ತಾರೆ. ಎಲ್ಲಿಂದ ಬರಬೇಕು ಅಭಿಮಾನ? ಬಾಗಿಲಲ್ಲಿ ನಿಲ್ಲಿಸಿದವರು ನಾವೇ ತಾನೇ?

ದೊಡ್ಡವರಿಗೆ ಲಾಭನಷ್ಟದ ಲೆಕ್ಕ ತಿಳಿಯುತ್ತದೆ, ಅದಕ್ಕೇ ಓಟು ಅವರಿಗಿರಲಿ ಎನ್ನುವ ವಾದ ಕೇಳಿದಾಗಲೆಲ್ಲ ನನಗೆ ಆ ದಿನ ನೆನಪಾಗುತ್ತದೆ. ಲೆಕ್ಕ ನನಗೆ ಚೆನ್ನಾಗಿಯೇ ತಿಳಿದಿತ್ತು. ಅದು ನನ್ನ ಲೆಕ್ಕವಾಗಿತ್ತು, ಅಷ್ಟೆ.

ಆದ್ದರಿಂದ ನಿಮ್ಮನ್ನು ಒಂದು ಕೆಲಸ ಕೇಳುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ಯುವಕ ಸಂಘ, ಕನ್ನಡ ಸಂಘ, ಆಟದ ಕ್ಲಬ್ಬುಗಳಲ್ಲಿ ಇದ್ದೀರಿ. ತೆರಿಗೆ ನಮ್ಮದು, ತೀರ್ಮಾನ ಬೇರೆಯವರದು ಎಂದು ಬೀದಿಯಲ್ಲಿ ಕೂಗುವವರು ನಾವು. ನಮ್ಮ ಸಂಘದೊಳಗೆ ಅದೇ ಕೆಲಸ ನಾವು ಮಾಡಬಹುದೇ? ನಾಳೆಯೇ ನಿಮ್ಮ ಬೈಲಾ ತೆಗೆದು ಓದಿ. ಚಂದಾ ಯಾರದು, ಓಟು ಯಾರದು ಎಂದು ಎರಡು ಪಟ್ಟಿ ಬರೆದು ಪಕ್ಕಪಕ್ಕ ಇಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರು ಎಷ್ಟಿವೆ ಎಣಿಸಿ. ಆ ಮಕ್ಕಳಿಗೆ ಓಟು ಕೊಡಲು ಕಾನೂನು ಬಿಡುತ್ತದೆಯೇ ಎಂದು ತಿಳಿದವರನ್ನು ಕೇಳಿ. ಬಿಡದಿದ್ದರೆ ಮುಂದಿನ ಸಭೆಯಲ್ಲಿ ಅವರಿಗೊಂದು ಕುರ್ಚಿ ಹಾಕಿ, ಮಾತಾಡಲು ಬಿಡಿ, ಆಡಿದ್ದನ್ನು ಬರೆದುಕೊಳ್ಳಿ. ಅವರು ಬಳಸುವ ಜಾಗದ ಬಗ್ಗೆ ಅವರನ್ನು ಕೇಳದೆ ಕೈ ಎತ್ತಬೇಡಿ.

ಅಂಥ ನಿರ್ಣಯ ಮಾಡಿ ಯಾರೇ ಬನ್ನಿ, ತಿದ್ದಿದ ಬೈಲಾವನ್ನು ನನ್ನ ಪ್ರೆಸ್ಸಿನಲ್ಲಿ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಆ ಹುಡುಗಿಗೆ ನಾನು ಇಟ್ಟುಕೊಂಡಿರುವ ಬಾಕಿ ಅದು.