ಕಿವಿ ಮುಚ್ಚಿಕೊಂಡ ಮಗುವಿಗೆ ಕರುಳಿಲ್ಲವೇ?



ಆಟಿಸ್ಟಿಕ್ ಮಕ್ಕಳ ಬಗ್ಗೆ ನಾವು ತಜ್ಞರು ಬರೆಯುವ ವರದಿಗಳಲ್ಲಿ ಒಂದು ಸಾಲು ಬಲು ಸಲೀಸಾಗಿ ಬಂದು ಕೂರುತ್ತದೆ: ‘ಇತರರ ಭಾವನೆಗಳಿಗೆ ಸ್ಪಂದನೆ ಇಲ್ಲ.’ ಬರೆದವರು ಮುಂದಿನ ಕಾಲಂಗೆ ಹೋಗುತ್ತಾರೆ. ಓದಿದ ತಾಯಿ ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾಳೆ. ಹೀಗೆ ಬರೆಯುವಷ್ಟು ನಮಗೆ ಗೊತ್ತಿದೆಯೇ? ಇಲ್ಲ ಎಂಬುದು ನನ್ನ ವಾದ.

1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ 11 ಆಟಿಸ್ಟಿಕ್ ಮಕ್ಕಳನ್ನು ಕುರಿತು ಬರೆದಾಗಲೇ, ಜನರೊಡನೆ ಭಾವಸಂಬಂಧ ಕೂಡಿಬರದಿರುವುದು ಹುಟ್ಟಿನಿಂದ ಬಂದದ್ದು ಎಂದರು. 1985ರಲ್ಲಿ ಮನಶ್ಶಾಸ್ತ್ರಜ್ಞರಾದ ಬ್ಯಾರನ್-ಕೋಹೆನ್, ಲೆಸ್ಲಿ ಮತ್ತು ಫ್ರಿತ್ ಲಂಡನ್ನಿನಲ್ಲಿ ಸ್ಯಾಲಿ-ಆ್ಯನ್ ಗೊಂಬೆಗಳ ಪ್ರಯೋಗ ಮಾಡಿದರು. ಸ್ಯಾಲಿ ಬುಟ್ಟಿಯಲ್ಲಿಟ್ಟ ಗೋಲಿಯನ್ನು, ಅವಳು ಹೊರಹೋದಾಗ, ಆ್ಯನ್ ಪೆಟ್ಟಿಗೆಗೆ ಹಾಕುತ್ತಾಳೆ. ವಾಪಸು ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? 20 ಆಟಿಸ್ಟಿಕ್ ಮಕ್ಕಳಲ್ಲಿ 16 ಮಂದಿ ತಪ್ಪು ಹೇಳಿದರು. ಸರಿ ಹೇಳಿದ ನಾಲ್ವರು ನಮ್ಮ ಪಾಠಗಳಲ್ಲಿ ಹೆಚ್ಚಾಗಿ ಕಾಣಿಸುವುದೇ ಇಲ್ಲ, ಅದಿರಲಿ. ಸ್ಯಾಲಿ ಎಲ್ಲಿ ಹುಡುಕುತ್ತಾಳೆಂದು ಊಹಿಸುವುದು ಒಂದು ಕೆಲಸ, ಗೋಲಿ ಕಳೆದುಕೊಂಡವಳಿಗಾಗಿ ಮರುಗುವುದು ಇನ್ನೊಂದು. ಮೊದಲನೆಯದನ್ನು ಅಳೆದು ಎರಡನೆಯದರ ಮೇಲೆ ತೀರ್ಪು ಕೊಟ್ಟುಬಿಟ್ಟೆವು.

ಒಂದು ಸಾವಿನ ಮನೆಯನ್ನು ಕಲ್ಪಿಸಿಕೊಳ್ಳಿ. ನಡುಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾರೆ. ಊದುಬತ್ತಿಯ ಹೊಗೆ, ಹೂವಿನ ಘಾಟು, ಹೊರಗೆ ತಮಟೆ. ಬಂದವರೆಲ್ಲ ಆ ಮನೆಯ ಆಟಿಸ್ಟಿಕ್ ಹುಡುಗನನ್ನು ಎಳೆದು ತಬ್ಬಿಕೊಳ್ಳುತ್ತಾರೆ. ಅವನು ಕೊಸರಿಕೊಂಡು, ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ‘ಎತ್ತಿ ಆಡಿಸಿದ ಅಜ್ಜಿ ಹೋದರೂ ಒಂದು ಹನಿ ಕಣ್ಣೀರಿಲ್ಲ’ ಎಂದು ನೆಂಟರು ಆಡಿಕೊಳ್ಳುತ್ತಾರೆ. ಅವನಿಗೆ ದುಃಖವೇ ಇಲ್ಲವೆಂದು ಯಾವ ಆಧಾರದಿಂದ ಹೇಳುವುದು? ನಮಗೆ ಅಳು ಎಂದರೆ ದುಃಖದ ಸುದ್ದಿ. ಅವನಿಗೆ ಸುದ್ದಿಗೆ ಮೊದಲು ಸದ್ದು ತಾಗಿರಬಹುದು, ಅದೂ ನೋವಾಗುವಷ್ಟು. ಎಲ್ಲರ ಸಂಕಟ ಒಟ್ಟಿಗೆ ಮೇಲೆ ಬಿದ್ದಂತಾಗಿ ತಡೆದುಕೊಳ್ಳಲಾಗಲಿಲ್ಲ ಎಂದು ಹೇಳುವ ಆಟಿಸ್ಟಿಕ್ ವಯಸ್ಕರೂ ಇದ್ದಾರೆ. ಹಿತ್ತಲಿಗೆ ಹೋಗಿ ನೋಡಿದವರಿಲ್ಲ. ನಡುಮನೆಯಲ್ಲಿ ಅವನಿಲ್ಲದ್ದನ್ನಷ್ಟೇ ಕಂಡರು.

ಇಂದ್ರಿಯಗಳ ಈ ಅತಿಸೂಕ್ಷ್ಮತೆ ಅಥವಾ ಮಂದತೆ ರೋಗನಿರ್ಣಯದ ಲಕ್ಷಣಗಳ ಪಟ್ಟಿ ಸೇರಿದ್ದು 2013ರಲ್ಲಿ, ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಬಂದಾಗ. ಕುಕ್ಕರ್ ಸೀಟಿ, ಮಿಕ್ಸಿ, ಮಿನುಗುವ ಟ್ಯೂಬ್‌ಲೈಟು, ಯೂನಿಫಾರ್ಮಿನ ಕಾಲರಿಗೆ ಹೊಲಿದ ಲೇಬಲ್ಲು, ಇವುಗಳ ಬಗ್ಗೆ ತಾಯಂದಿರು ಅದಕ್ಕಿಂತ ಮೊದಲೇ ಹೇಳುತ್ತಿದ್ದರು. ನಾವು ‘ಹಟ’ ಎಂದು ಬರೆದುಕೊಳ್ಳುತ್ತಿದ್ದೆವು.

ಇಂದ್ರಿಯಗಳದು ಒಂದು ಗೋಜಲಾದರೆ, ಎರಡನೆಯದು ಅಲೆಕ್ಸಿಥೈಮಿಯಾ. ಒಳಗೆ ಏನೋ ಆಗುತ್ತಿದೆ, ಆದರೆ ಅದು ಭಯವೋ ಸಿಟ್ಟೋ ಹಸಿವೋ ಎಂದು ಗುರುತಿಸಲಾಗದ ಸ್ಥಿತಿ. ಇದು ಆಟಿಸಂ ಅಲ್ಲ. ಆಟಿಸಂ ಇಲ್ಲದವರಲ್ಲೂ ಇದೆ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆಟಿಸ್ಟಿಕ್ ಜನರಲ್ಲಿ ಸುಮಾರು ಶೇ. 50, ಉಳಿದವರಲ್ಲಿ ಸುಮಾರು ಶೇ. 5 ಮಂದಿಯಲ್ಲಿ ಕಂಡುಬಂತು. ಅಂದರೆ ಅರ್ಧದಷ್ಟು ಆಟಿಸ್ಟಿಕ್ ಜನರಿಗೆ ಈ ತೊಡಕಿಲ್ಲ. 2010ರಲ್ಲಿ ಜೆಫ್ ಬರ್ಡ್ ಮತ್ತು ಸಂಗಡಿಗರು, ಆಪ್ತರಿಗೆ ನೋವಾಗುವಾಗ ಮಿದುಳು ಮಿಡಿಯುವ ಪ್ರಮಾಣ ಆಟಿಸಂನಿಂದಲ್ಲ, ಅಲೆಕ್ಸಿಥೈಮಿಯಾದಿಂದ ಹೆಚ್ಚು ಕಡಿಮೆಯಾಗುತ್ತದೆಂದು ತೋರಿಸಿದರು. ಎರಡನ್ನೂ ಒಂದೇ ಖಾನೆಗೆ ಹಾಕಿದ್ದು ನಮ್ಮ ಸೋಮಾರಿತನ.

ತಾವೇ ಆಟಿಸ್ಟಿಕ್ ಆದ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಪ್ರಶ್ನೆಯನ್ನೇ ನಮ್ಮ ಕಡೆಗೆ ತಿರುಗಿಸಿದರು: ಆಟಿಸ್ಟಿಕ್ ಜನ ನಮಗೆ ಅರ್ಥವಾಗದಿದ್ದರೆ ಕೊರತೆ ಅವರದು ಮಾತ್ರ ಏಕೆ? 2017ರಲ್ಲಿ ನೋವಾ ಸ್ಯಾಸನ್ ತಂಡ, ಆಟಿಸ್ಟಿಕ್ ವ್ಯಕ್ತಿಗಳನ್ನು ಕೆಲವೇ ಕ್ಷಣ ನೋಡಿದವರೂ ಅವರೊಡನೆ ಬೆರೆಯಲು ಹಿಂಜರಿಯುತ್ತಾರೆಂದು ಕಂಡಿತು. ಅವರ ಮಾತನ್ನು ಬರಹದಲ್ಲಷ್ಟೇ ಓದಿದವರಿಗೆ ಆ ಹಿಂಜರಿಕೆ ಇರಲಿಲ್ಲ. ಆದರೂ ಮಿಲ್ಟನ್ ವಾದವನ್ನು ಮಂತ್ರ ಮಾಡಿಕೊಳ್ಳಬೇಡಿ. ಕ್ಯಾಥರಿನ್ ಕ್ರಾಂಪ್ಟನ್ 2020ರಲ್ಲಿ ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಪ್ರಯೋಗ ನಡೆಸಿದಾಗ, ಆಟಿಸ್ಟಿಕ್ ಮತ್ತು ಇತರರು ಬೆರೆತ ಸಾಲುಗಳಲ್ಲಿ ವಿವರ ಹೆಚ್ಚು ಸೋರಿಹೋಗಿತ್ತು. ಅವರೇ ಮುಂದೆ ಇನ್ನೂ ದೊಡ್ಡದಾಗಿ ಮಾಡಿದ ಅಧ್ಯಯನದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಮುಂದಿಟ್ಟುಕೊಂಡೇ ಚರ್ಚೆಯಾಗಲಿ.

ಈ ಸಮ್ಮೇಳನದ ಮೊದಲ ಗೋಷ್ಠಿಗೆ ಒಂದು ತೊಡಕನ್ನು ಒಪ್ಪಿಸುತ್ತೇನೆ. ಅಲೆಕ್ಸಿಥೈಮಿಯಾ ಅಳೆಯಲು ಹೆಚ್ಚಾಗಿ ಬಳಸುವ ಟೊರಾಂಟೊ ಮಾಪಕದಲ್ಲಿ 20 ಹೇಳಿಕೆಗಳಿವೆ. ಅವಕ್ಕೆ ಉತ್ತರಿಸಬೇಕಾದವರು ತಮ್ಮ ಭಾವನೆ ತಮಗೇ ತಿಳಿಯದವರು! ಮಾತೇ ಬಾರದ, ಓದುಬರಹವೂ ಇಲ್ಲದ ಹದಿನಾರರ ಹುಡುಗಿಗೆ ಅದರಿಂದ ಏನು ಪ್ರಯೋಜನ? ಅವಳ ನಿದ್ದೆ, ಊಟ, ಅವಳು ಕೈ ಕಚ್ಚಿಕೊಳ್ಳುವ ಹೊತ್ತು, ಆಗ ಮನೆಯಲ್ಲಿದ್ದ ಸದ್ದು, ಇವನ್ನೆಲ್ಲ ತಾಯಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರುತ್ತಾಳೆ. ಅಂಥ ಗುರುತುಗಳಿಂದ ನಂಬಿಕೆಗೆ ಅರ್ಹವಾದ ಅಳತೆಯೊಂದನ್ನು ಕನ್ನಡದಲ್ಲಿ ಕಟ್ಟಲಾದೀತೇ? ಆ ಚರ್ಚೆಗೆ ತಾಯಂದಿರನ್ನೂ, ಇಲ್ಲಿರುವ ಆಟಿಸ್ಟಿಕ್ ಗೆಳೆಯರನ್ನೂ ಮುಂದಿನ ಸಾಲಿಗೆ ಕರೆಯಿರಿ. ಮೈಕಿನ ಸದ್ದನ್ನೂ ಸ್ವಲ್ಪ ತಗ್ಗಿಸಿ.